ಒತ್ತಿದ್ದು ಗೊತ್ತಾಗಬೇಕು

ತಪ್ಪು ಕೀಬೋರ್ಡಿನದಲ್ಲ, ನನ್ನ ಬೆರಳಿನದು ಎಂದು ನನಗೆ ಗೊತ್ತಿತ್ತು. ಎಡಗೈ ತೋರುಬೆರಳಿನ ತುದಿ ನಾಲ್ಕು ತಿಂಗಳಿಂದ ಜೋಮು ಹಿಡಿದಂತೆ ಇತ್ತು. ಈಚೆಗೆ ಆ ಜೋಮೂ ಹೋಗಿ, ಬೆರಳು ಬುಡದವರೆಗೂ ಮರಗಟ್ಟಿ, ಅಲ್ಲೊಂದು ಬೆರಳಿದೆ ಎನ್ನುವುದನ್ನು ಕಣ್ಣಲ್ಲಿ ನೋಡಿಯೇ ನಂಬಬೇಕಾಗಿತ್ತು. ಇದನ್ನು ಯಾರಿಗೂ ಹೇಳಿರಲಿಲ್ಲ. ತಮ್ಮನಿಗೆ ಹೇಳಿದ್ದು ಇಷ್ಟೇ: “ಈ ಕೀಬೋರ್ಡಿಗೆ ವಯಸ್ಸಾಯ್ತು ಕಣೋ, ಎಫ್ ಕೀ ಕೈ ಕೊಡ್ತಾ ಇದೆ. ಹೊಸದು ತರೋಣ.”

ಕನ್ನಡ ಟೈಪ್ ಮಾಡುವವರಿಗೆ ಎಫ್ ಎಂದರೆ ಒತ್ತಕ್ಷರದ ಕೀ. ಕ ಒತ್ತಿ, ಎಫ್ ಒತ್ತಿ, ಮತ್ತೆ ಕ ಒತ್ತಿದರೆ ಅಕ್ಕ ಅಕ್ಕನಾಗುತ್ತಾಳೆ. ನಡುವಿನ ಎಫ್ ಬೀಳದಿದ್ದರೆ ಅಕಕ ಆಗಿ ಕೂರುತ್ತಾಳೆ. ಈ ಕೀ ಇರುವುದು ಸರಿಯಾಗಿ ಎಡಗೈ ತೋರುಬೆರಳಿನ ಕೆಳಗೆ. ಒತ್ತಕ್ಷರವಿಲ್ಲದೆ ಕನ್ನಡದಲ್ಲಿ ಒಂದು ಪುಟ ಬರೆದು ತೋರಿಸಿ ನೋಡೋಣ. ಇಲ್ಲ ಎನ್ನುವುದಕ್ಕೂ ಒತ್ತು ಬೇಕು.

ನನ್ನ ಕೆಲಸ ಧ್ವನಿಮುದ್ರಣ ಕೇಳಿ ಟೈಪ್ ಮಾಡುವುದು. ಸಭೆ, ಸಂದರ್ಶನ, ವಿಚಾರಣೆ, ಭಾಷಣ, ಯಾರು ಏನು ಮಾತಾಡಿದರೂ ಹೆಡ್‌ಫೋನ್ ಹಾಕಿಕೊಂಡು ಅಕ್ಷರಕ್ಕಿಳಿಸುತ್ತೇನೆ. ಹದಿನಾರು ವರ್ಷವಾಯಿತು. ವಾರಕ್ಕೆ ನಾಲ್ಕು ದಿನ ಮನೆಯಿಂದ, ಒಂದು ದಿನ ಕಚೇರಿಯಲ್ಲಿ. ಕಚೇರಿಯಲ್ಲಿ ಭಾಷೆಗೊಂದು ಮೇಜು, ಕನ್ನಡದ ಮೇಜಿಗೆ ನಾವು ಐದು ಜನ. ಮೇಜಿನ ಮುಖ್ಯಸ್ಥೆ ಪ್ರತಿ ಮಾತನ್ನೂ ‘ಅಷ್ಟೇ’ ಎಂದು ಮುಗಿಸುತ್ತಾರೆ, ಹಾಗಾಗಿ ಅವರ ಬೆನ್ನ ಹಿಂದೆ ಅಷ್ಟೇ ಮೇಡಂ ಎನ್ನುತ್ತೇವೆ.

ಮೊದಲ ಸಲ ಸಿಕ್ಕಿಬಿದ್ದದ್ದು ಬೀಗದ ಕೈ ಕಳೆದುಹೋದ ಬಗೆಗಿನ ಒಂದು ವಿಚಾರಣೆಯಲ್ಲಿ. ಸಾಕ್ಷಿ ‘ಕೊಟ್ಟಿಲ್ಲ’ ಎಂದಿದ್ದ. ನಾನು ‘ಕೊಟಟಿಲಲ’ ಎಂದು ಕಳಿಸಿದ್ದೆ. “ಏನ್ರೀ ಇದು ಕೊಟಟಿಲಲ, ಹಕ್ಕಿ ಹೆಸರಾ?” ಎಂದು ಅಷ್ಟೇ ಮೇಡಂ ಕೇಳಿದಾಗ ಮೇಜೆಲ್ಲ ನಕ್ಕಿತು. ನಾನೂ ನಕ್ಕೆ. ಅಂಥವನ್ನು ಕಂಪ್ಯೂಟರೇ ಕೆಂಪು ಗೆರೆ ಎಳೆದು ತೋರಿಸುತ್ತದೆ, ಇನ್ನು ಮೇಲೆ ತಿದ್ದಿ ಕಳಿಸಿದರಾಯಿತು ಎಂದು ಸಮಾಧಾನ ಮಾಡಿಕೊಂಡೆ.

ಮುಳುಗಿಸಿದ್ದು ಕೆಂಪು ಗೆರೆ ಬೀಳದ ತಪ್ಪು. ಎಪ್ಪತ್ತು ದಾಟಿದ ಒಬ್ಬ ಚಿತ್ರಕಲಾವಿದೆ ಸಂದರ್ಶನದಲ್ಲಿ, “ನನ್ನ ಮಗ್ನ ಮನಸ್ಸಿಗೆ ಮದುವೆಯ ಯೋಚನೆಯೇ ಬರಲಿಲ್ಲ” ಎಂದಿದ್ದರು, ಚಿತ್ರದಲ್ಲೇ ಮುಳುಗಿದ ಮನಸ್ಸು ಎಂಬ ಅರ್ಥದಲ್ಲಿ. ಒಂದೇ ಒಂದು ಎಫ್ ಬೀಳದೆ ಅದು “ನನ್ನ ಮಗನ ಮನಸ್ಸಿಗೆ ಮದುವೆಯ ಯೋಚನೆಯೇ ಬರಲಿಲ್ಲ” ಎಂದಾಯಿತು. ಮದುವೆಯೇ ಆಗದ ಹೆಂಗಸಿಗೆ ನಾನೊಬ್ಬ ಮಗನನ್ನು ಕೊಟ್ಟು, ಅವನನ್ನೂ ಮದುವೆಯಿಲ್ಲದೆ ಬಿಟ್ಟಿದ್ದೆ. ಅದು ಹಾಗೇ ಅಚ್ಚಾಯಿತು. ಈ ಸಲ ಮೇಜಿನಲ್ಲಿ ಯಾರೂ ನಗಲಿಲ್ಲ.

“ಸೋಮವಾರ ಹತ್ತಕ್ಕೆ ಎಲ್ಲರಿಗೂ ಪರೀಕ್ಷೆ,” ಎಂದರು ಮೇಡಂ. “ಇಪ್ಪತ್ತು ನಿಮಿಷದ ಧ್ವನಿ. ನೂರಕ್ಕೆ ತೊಂಬತ್ತೆಂಟು ಸರಿ ಇರಬೇಕು. ಕಮ್ಮಿ ಬಂದವರು ಮೇಜು ಬಿಡಬೇಕಾಗುತ್ತೆ, ಇದು ಮೇಲಿನವರ ಮಾತು, ನನ್ನದಲ್ಲ. ಕೀಬೋರ್ಡ್ ನಿಮ್ಮದೇ ತರಬಹುದು. ಅಷ್ಟೇ.” ಎಲ್ಲರಿಗೂ ಎಂದರೂ ಅವರು ನೋಡಿದ್ದು ನನ್ನ ಕಡೆ.

ಡಾಕ್ಟರ ಹತ್ತಿರ ಯಾಕೆ ಹೋಗಲಿಲ್ಲ ಎಂದು ಕೇಳಬಹುದು. ಹೆದರಿಕೆ. ಟೈಪಿಂಗ್ ನಿಲ್ಲಿಸಿ ಎಂದುಬಿಟ್ಟರೆ? ನನಗೆ ಬೇರೆ ಏನೂ ಬರುವುದಿಲ್ಲ. ಅಡುಗೆ ಅಷ್ಟಕ್ಕಷ್ಟೇ, ಹಾಡು ಕೇಳಿದವರು ಎದ್ದು ಹೋಗುತ್ತಾರೆ, ಜನರ ಜೊತೆ ನಯವಾಗಿ ಮಾತಾಡುವ ಗುಣವಂತೂ ಹುಟ್ಟಿನಿಂದಲೇ ಇಲ್ಲ. ಆದರೆ ಒಬ್ಬರು ಕೆಮ್ಮುತ್ತಾ, ಇನ್ನೊಬ್ಬರು ನಡುವೆ ಬಾಯಿ ಹಾಕುತ್ತಾ ಆಡಿದ ಮಾತನ್ನು ಒಂದಕ್ಷರ ಬಿಡದೆ ಇಳಿಸಬಲ್ಲೆ. ಅದೊಂದೇ ನನ್ನದು.

ತಮ್ಮನ ಬಗ್ಗೆ ಹೇಳಬೇಕು. ನಾವಿಬ್ಬರೇ ಮನೆಯಲ್ಲಿ. ನನಗಿಂತ ಹನ್ನೊಂದು ವರ್ಷ ಚಿಕ್ಕವನು, ಲಿಫ್ಟ್ ಮೆಕ್ಯಾನಿಕ್. ಹಗಲೆಲ್ಲ ಎತ್ತರದ ಕಟ್ಟಡಗಳ ಲಿಫ್ಟಿನ ನೆತ್ತಿಯ ಮೇಲೆ ಕೂತು ತಂತಿ ಜಗ್ಗುತ್ತಾನೆ. ಸಂಜೆ ಆರಕ್ಕೆ ಬಂದವನೇ ಕೈಕಾಲು ತೊಳೆದು ನಾನು ಎದ್ದ ಕುರ್ಚಿಯಲ್ಲೇ ಕೂತು ಎರಡು ಗಂಟೆ ಆಟವಾಡುತ್ತಾನೆ. ಒಂದು ಮೇಜು, ಒಂದು ಕಂಪ್ಯೂಟರು, ಒಂದು ಕೀಬೋರ್ಡು. ಅವನ ತಂಡದಲ್ಲಿ ಐವರಿದ್ದಾರೆ, ಒಬ್ಬರ ಮುಖ ಒಬ್ಬರು ನೋಡಿಲ್ಲ, ಆದರೂ ಪ್ರಾಣಕ್ಕೆ ಪ್ರಾಣ ಕೊಡುತ್ತಾರೆ. ಒಳ್ಳೆಯ ಮೆಕ್ಯಾನಿಕಲ್ ಕೀಬೋರ್ಡ್ ಬೇಕು ಎಂದು ಅವನು ಎರಡು ವರ್ಷದಿಂದ ಪೀಡಿಸುತ್ತಿದ್ದ. ಈಗ ನಾನೇ ಸೋಮವಾರ ಪರೀಕ್ಷೆಯಿದೆ, ಹೊಸದು ತರೋಣ ಎಂದಾಗ, ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಎಂಬಂತಾಯಿತು ಅವನಿಗೆ.

ಆದರೆ ಮೆಕ್ಯಾನಿಕ್ ಬುದ್ಧಿ ಎಲ್ಲಿ ಹೋಗುತ್ತದೆ? ಶುಕ್ರವಾರ ಸಂಜೆ ಹಳೆಯ ಕೀಬೋರ್ಡ್ ಬಿಚ್ಚಿ ಹಾಸಿಕೊಂಡು ಕೂತ.

“ಅಕ್ಕ, ಈ ಎಫ್‌ಗೆ ಏನೂ ಆಗಿಲ್ಲ.”

“ನಿನಗೇನು ಗೊತ್ತು, ದಿನವಿಡೀ ಒತ್ತೋಳು ನಾನು.”

“ಆಟದಲ್ಲಿ ಬಾಗಿಲು ತೆಗೆಯೋದು ಎಫ್‌ನಿಂದಲೇ. ಇವತ್ತೇ ನೂರು ಬಾಗಿಲು ತೆಗೆದೆ, ಒಂದೂ ತಪ್ಪಲಿಲ್ಲ.” ಆಮೇಲೆ ನಕ್ಕು, “ಕುಣಿಯಲಾರದವಳು ನೆಲ ಡೊಂಕು ಅಂದಳಂತೆ,” ಎಂದ.

ಅವನು ತಮಾಷೆಗೆ ಅಂದದ್ದು. “ಬೇಡ ಅಂದ್ರೆ ಬಿಡು, ನಿನ್ನ ಆಟಕ್ಕೂ ಇದೇ ಸಾಕು,” ಎಂದು ಎದ್ದು ಒಳಗೆ ಹೋದೆ. ಅವನು ಹಿಂದೆಯೇ ಬಂದು, “ನಾಳೆ ಹನ್ನೊಂದಕ್ಕೆ ಅಂಗಡಿ ತೆಗೀತಾರೆ,” ಎಂದ. ಆಸೆಬುರುಕನಿಗೆ ಸುಳ್ಳು ಹೇಳುವುದು ಸುಲಭ. ಅದಕ್ಕೇ ನನ್ನ ಮೇಲೆ ನನಗೇ ಸಿಟ್ಟು ಬಂತು.

ಅಂಗಡಿ ರೈಲು ನಿಲ್ದಾಣದ ಎದುರಿನ ಕಟ್ಟಡದ ನೆಲಮಾಳಿಗೆಯಲ್ಲಿತ್ತು. ಗೋಡೆಯ ತುಂಬ ಬಣ್ಣಬಣ್ಣದ ದೀಪ ಉರಿಸಿಕೊಂಡ ಕೀಬೋರ್ಡುಗಳು. ಅಂಗಡಿಯವನು ಕನ್ನಡಕವನ್ನು ತಲೆಯ ಮೇಲೇರಿಸಿಕೊಂಡು, ಕೂತಲ್ಲಿಂದಲೇ, “ಬರವಣಿಗೆಗೋ, ಆಟಕ್ಕೋ?” ಎಂದು ಕೇಳಿದ.

“ಎರಡಕ್ಕೂ,” ಎಂದ ತಮ್ಮ.

“ಹಾಗಾದರೆ ಜಗಳ ಇದ್ದಿದ್ದೇ,” ಎಂದು ಅವನು ಗಲ್ಲಾದ ಕೆಳಗಿನಿಂದ ಒಂದು ಪುಟ್ಟ ಹಲಗೆ ತೆಗೆದಿಟ್ಟ. ಅದರ ಮೇಲೆ ಬೇರೆ ಬೇರೆ ಬಗೆಯ ಕೀಗಳನ್ನು ಸಾಲಾಗಿ ಕೂರಿಸಿದ್ದರು, ಒತ್ತಿ ನೋಡಲಿಕ್ಕೆ. ಮೇಲಿನ ಬಿಲ್ಲೆಗಳೆಲ್ಲ ಗಾಜಿನಂತೆ ಪಾರದರ್ಶಕ, ಒಳಗಿನ ಬಣ್ಣ ಬೇರೆ ಬೇರೆ. “ಕೆಂಪು ಸೀದಾ ನುಣ್ಣಗೆ ಇಳಿಯುತ್ತೆ, ಆಟದವರು ಇದನ್ನೇ ಒಯ್ಯೋದು. ಕಂದು ಬಣ್ಣದ್ದು ಅರ್ಧ ಇಳಿದಾಗ ಬೆರಳಿಗೆ ಒಂದು ಸಣ್ಣ ಗಂಟು ಸಿಗುತ್ತೆ, ಒತ್ತಿದ್ದು ಗೊತ್ತಾಗುತ್ತೆ. ನೀಲಿಗೆ ಗಂಟೂ ಇದೆ, ಟಕ್ ಅನ್ನೋ ಸದ್ದೂ ಇದೆ. ಅದನ್ನ ಒಂಟಿಯಾಗಿರೋರಿಗೆ ಮಾತ್ರ ಕೊಡ್ತೀನಿ.”

ತಮ್ಮ ಕೆಂಪನ್ನು ಒತ್ತಿ ಒತ್ತಿ ಕಣ್ಣರಳಿಸುತ್ತಿದ್ದ. ಮೂವತ್ತಮೂರು ವರ್ಷದ ಗಂಡಸು, ಆಟಿಕೆ ಸಿಕ್ಕ ಮಗುವಿನ ಹಾಗೆ. ಆಮೇಲೆ ಹಲಗೆಯನ್ನು ನನ್ನ ಕಡೆ ತಳ್ಳಿದ. “ನೀನು ಎಡಗೈಯಲ್ಲಿ ನೋಡಕ್ಕ, ಎಫ್ ಒತ್ತೋದು ಆ ಕೈಯಲ್ಲೇ ತಾನೆ.”

ಒತ್ತಿದೆ. ಬಣ್ಣ ನೋಡದೆ, ಎದುರಿಗಿದ್ದ ಒಂದನ್ನೇ ಮೂರು ಸಲ. ನನ್ನ ಬೆರಳು ಇಳಿಯುವುದನ್ನು ಕಣ್ಣು ಕಂಡಿತು, ಅಷ್ಟೇ. ದಪ್ಪ ಕಂಬಳಿಯ ಮೇಲಿಂದ ಒತ್ತಿದ ಹಾಗೆ ಏನೂ ತಿಳಿಯಲಿಲ್ಲ. ಇಬ್ಬರೂ ನನ್ನ ಮುಖವನ್ನೇ ನೋಡುತ್ತಿದ್ದರು. ಏನಾದರೂ ಹೇಳಬೇಕಲ್ಲ ಎಂದು, “ಹೂಂ, ಇದರಲ್ಲಿ ಆ ಗಂಟು ಚೆನ್ನಾಗಿ ಗೊತ್ತಾಗುತ್ತೆ,” ಎಂದೆ.

ಅಂಗಡಿಯವನು ತಲೆಯ ಮೇಲಿನ ಕನ್ನಡಕವನ್ನು ಮೂಗಿಗೆ ಇಳಿಸಿದ. “ಅದು ಕೆಂಪು ಮೇಡಂ. ಅದರಲ್ಲಿ ಗಂಟೇ ಇಲ್ಲ.”

“ನಿಮ್ಮ ಹಲಗೆ ಹಳೇದಾಗಿದೆ,” ಎಂದೆ. ಅಷ್ಟು ಹೊತ್ತಿಗೆ ನನ್ನ ಬಾಯಲ್ಲಿ ಹಳತಾಗದೆ ಉಳಿದದ್ದು ಯಾವುದೂ ಇರಲಿಲ್ಲ.

ತಮ್ಮ ಹಲಗೆಯನ್ನು ತನ್ನ ಕಡೆ ಎಳೆದುಕೊಂಡು ಅದೇ ಕೆಂಪನ್ನು ಒಮ್ಮೆ ಒತ್ತಿ ನೋಡಿದ. ಅವನು ಪರೀಕ್ಷಿಸಿದ ರೀತಿ ನನಗೆ ಹಿಡಿಸಲಿಲ್ಲ. ಅವಸರದಲ್ಲಿ ಕೈಗೆ ಸಿಕ್ಕ ಇನ್ನೊಂದನ್ನು ಒತ್ತಿದೆ. ಟಕ್ ಎಂದಿತು. ಮತ್ತೆ ಒತ್ತಿದೆ, ಮತ್ತೆ ಟಕ್. ನನ್ನ ಮೈಯಲ್ಲಿ ಜೀವ ಬಂತು. ಬೆರಳಿಗೆ ಗೊತ್ತಾಗದಿದ್ದರೆ ಏನಂತೆ, ಕಿವಿಗೆ ಗೊತ್ತಾಯಿತಲ್ಲ! ಟಕ್ ಎಂದರೆ ಒತ್ತು ಬಿತ್ತು, ಎನ್ನದಿದ್ದರೆ ಬೀಳಲಿಲ್ಲ, ಇನ್ನೊಮ್ಮೆ ಒತ್ತಿದರಾಯಿತು.

“ಇದೇ ಬೇಕು,” ಎಂದೆ. “ನೀಲಿ.”

“ಅಕ್ಕ, ಬೇಡ. ಇದು ಮನೆಯೆಲ್ಲ ಕುಟ್ಟುತ್ತೆ. ಆಟದಲ್ಲಿ ಮೈಕ್ ಆನ್ ಇರುತ್ತೆ, ನನ್ನ ತಂಡದವರು ಕಿವಿ ಮುಚ್ಕೋಬೇಕು.”

“ಕಂದು ತಗೊಳ್ಳಿ,” ಎಂದ ಅಂಗಡಿಯವನು. “ಇವರಿಗೂ ಆಗುತ್ತೆ, ನಿಮಗೂ ಆಗುತ್ತೆ. ಗಂಡ ಹೆಂಡತಿ ಬಂದ್ರೂ, ಅಕ್ಕ ತಮ್ಮ ಬಂದ್ರೂ ನಾನು ಕೊಡೋದು ಕಂದೇ.”

“ಹೊಟ್ಟೆಪಾಡಿಗೆ ಒತ್ತೋಳು ನಾನು. ಒತ್ತಿದ್ದು ಗೊತ್ತಾಗಬೇಕು ನನಗೆ.” ನನ್ನ ದನಿ ಏರಿತು. ಪಕ್ಕದಲ್ಲಿ ಇಲಿ ಗಾತ್ರದ ಮೌಸ್ ಆರಿಸುತ್ತಿದ್ದವರು ತಿರುಗಿ ನೋಡಿದರು.

ತಮ್ಮ ನನ್ನ ಮುಖ ನೋಡಿದ, ಕೈ ನೋಡಿದ. ಆಮೇಲೆ ಅಂಗಡಿಯವನಿಗೆ, “ನೀಲೀನೇ ಕೊಡಿ. ನನ್ನದು ಎರಡು ಗಂಟೆ ಆಟ, ಇವಳದು ಎಂಟು ಗಂಟೆ ಕೆಲಸ,” ಎಂದ. ಎರಡು ವರ್ಷ ಕಾದವನು ಎರಡು ನಿಮಿಷದಲ್ಲಿ ಬಿಟ್ಟುಕೊಟ್ಟ. ಮೆಟ್ಟಿಲು ಹತ್ತುವಾಗ ಪೆಟ್ಟಿಗೆಯನ್ನೂ ಅವನೇ ಹಿಡಿದುಕೊಂಡಿದ್ದ. ನನಗೆ ಅವನ ಬೆನ್ನು ನೋಡಲು ನಾಚಿಕೆಯಾಯಿತು.

ಅಂದು ಸಂಜೆ ಅವನ ಆಟ ಶುರುವಾದ ಐದೇ ನಿಮಿಷಕ್ಕೆ ಗೆಳೆಯನೊಬ್ಬ ಸ್ಪೀಕರಿನಲ್ಲಿ, “ಮನೇಲಿ ಕುದುರೆ ಕಟ್ಟಿದೀಯೇನೋ?” ಎಂದು ಕೇಳಿದ್ದು ನನಗೂ ಕೇಳಿಸಿತು. ಇವನು ಮೈಕಿಗೆ ಹಳೆಯ ಕಾಲುಚೀಲ ತೊಡಿಸಿ ಆಟ ಮುಂದುವರಿಸಿದ.

ಭಾನುವಾರ ಬೆಳಿಗ್ಗೆ ಅವನು ಯಾವುದೋ ಆಸ್ಪತ್ರೆಯ ಲಿಫ್ಟ್ ನಿಂತಿದೆ ಎಂದು ಹೋದ. ನಾನು ಹಳೆಯ ಕಾಗದಗಳನ್ನು ಎದುರಿಗಿಟ್ಟುಕೊಂಡು ನೋಡಿ ನೋಡಿ ಟೈಪ್ ಮಾಡಿದೆ. ಟಕ್, ಟಕ್, ಟಕ್. ಎಲ್ಲಿ ಸದ್ದು ಬರಲಿಲ್ಲವೋ ಅಲ್ಲಿ ಮತ್ತೆ ಒತ್ತಿದೆ. ಮೂರು ಪುಟ, ಒಂದೂ ತಪ್ಪಿಲ್ಲ. ಅಕ್ಕ ಅಕ್ಕನಾಗಿಯೇ ಇದ್ದಳು, ಮಗ್ನ ಮಗ್ನವಾಗಿಯೇ ಇತ್ತು. ನಾಲ್ಕು ತಿಂಗಳಲ್ಲಿ ಮೊದಲ ಸಲ ಹೊಟ್ಟೆ ತುಂಬ ಊಟ ಮಾಡಿದೆ. ದೇವರು ಒಂದು ಬಾಗಿಲು ಮುಚ್ಚಿದರೆ ಕಿಟಕಿಯನ್ನಾದರೂ ಬಿಡುತ್ತಾನೆ ಎಂದುಕೊಂಡೆ, ದೇವರ ನೆನಪು ವರ್ಷಕ್ಕೊಮ್ಮೆಯೂ ಬಾರದ ನಾನು.

ಮಧ್ಯಾಹ್ನ ಇನ್ನು ನಿಜವಾದ ಪರೀಕ್ಷೆಯ ಹಾಗೆಯೇ ಅಭ್ಯಾಸ ಮಾಡೋಣ ಎಂದು ಹಳೆಯ ಸಭೆಯೊಂದರ ಧ್ವನಿ ಹಚ್ಚಿದೆ. ಹೆಡ್‌ಫೋನ್ ತಲೆಗೇರಿಸಿದೆ. ಅಧ್ಯಕ್ಷರು ಸ್ವಾಗತ ಕೋರಿದರು. ಬೆರಳುಗಳು ಓಡತೊಡಗಿದವು. ಒಂದು ನಿಮಿಷ ಆದ ಮೇಲೆ ಪರದೆ ನೋಡಿದೆ: ಅಧಯಕಷರು, ಸವಾಗತ, ಎಲಲರಿಗೂ.

ಹೆಡ್‌ಫೋನಿನೊಳಗೆ ಅಧ್ಯಕ್ಷರ ದನಿ ಬಿಟ್ಟು ಬೇರೇನೂ ಕೇಳಿಸುತ್ತಿರಲಿಲ್ಲ. ಟಕ್ ಇಲ್ಲ. ಹದಿನಾರು ವರ್ಷ ಕಿವಿ ಮುಚ್ಚಿಕೊಂಡೇ ದುಡಿದವಳಿಗೆ, ಕಿವಿಯನ್ನು ನಂಬಿ ಕೀಬೋರ್ಡ್ ಆರಿಸುವಾಗ ಇದೊಂದು ಹೊಳೆಯಲಿಲ್ಲ. ನನ್ನಂಥ ಪೆದ್ದಿ ಇನ್ನೊಬ್ಬಳಿರಲಾರಳು. ನಗು ಬರಬೇಕಿತ್ತು, ಬರಲಿಲ್ಲ.

ಒಂದು ಕಿವಿಯ ಮೇಲಿಂದ ಹೆಡ್‌ಫೋನ್ ಸರಿಸಿದೆ. ಒಂದು ಕಿವಿ ಮಾತಿಗೆ, ಒಂದು ಕಿವಿ ಕೀಗೆ. ಎರಡು ದೋಣಿಯಲ್ಲಿ ಕಾಲಿಟ್ಟ ಹಾಗಾಯಿತು. ಟಕ್ ಲೆಕ್ಕ ಹಾಕುವಷ್ಟರಲ್ಲಿ ಖಜಾಂಚಿಯ ಅರ್ಧ ವಾಕ್ಯ ತಪ್ಪಿತು, ಖಜಾಂಚಿಯನ್ನು ಹಿಂದಕ್ಕೆ ಕರೆದು ಕೇಳುವಷ್ಟರಲ್ಲಿ ವೇಗ ಹೋಯಿತು. ಎಫ್ ಅನ್ನು ಮಧ್ಯದ ಬೆರಳಲ್ಲಿ ಒತ್ತಿ ನೋಡಿದೆ; ಹದಿನಾರು ವರ್ಷದ ಕೈ ಅದು, ಕೇಳಲಿಲ್ಲ, ಪಕ್ಕದ ಕೀಗೆ ಬಿತ್ತು. ಮೊದಲಿಂದ ಶುರು ಮಾಡಿದೆ. ಮತ್ತೆ ಮೊದಲಿಂದ. ಪುಟಕ್ಕೆ ಹದಿನೇಳು ತಪ್ಪು, ಆಮೇಲೆ ಇಪ್ಪತ್ತೆರಡು. ಹೆದರಿದಷ್ಟೂ ಜೋರಾಗಿ ಒತ್ತಿದೆ, ಜೋರಾಗಿ ಒತ್ತಿದಷ್ಟೂ ತಪ್ಪಿತು. ನಾಳೆ ಹತ್ತು ಗಂಟೆಗೆ ಇದೇ ಪುಟವನ್ನು ಅಷ್ಟೇ ಮೇಡಂ ಎಲ್ಲರೆದುರು ಹಿಡಿದು ನಿಲ್ಲುವುದು ಕಣ್ಣಿಗೆ ಕಟ್ಟಿತು.

ಹಿಂದೆ ಯಾರೋ ನಿಂತಿದ್ದಾರೆ ಎನಿಸಿ ತಿರುಗಿದೆ. ತಮ್ಮ. ಎಷ್ಟು ಹೊತ್ತಿನಿಂದ ನಿಂತಿದ್ದನೋ, ಉಪಕರಣದ ಚೀಲ ಇನ್ನೂ ಹೆಗಲ ಮೇಲೇ ಇತ್ತು. ಪರದೆಯ ತುಂಬ ಅಕಕ, ಇಲಲ, ಸವಾಗತ.

“ಇದೂ ಹಳೇದಾಯ್ತಾ?” ಎಂದು ಕೇಳಿದ.

“ಹೊಸ ಕೀಬೋರ್ಡು, ಕೈ ಹೊಂದ್ಕೋಬೇಕು.”

“ಅಕ್ಕ, ನಿನ್ನೆ ಕೆಂಪಿನ ಮೇಲೆ ಬೆರಳಿಟ್ಟು ಗಂಟಿದೆ ಅಂದೆ.”

“ಬಾಯಿ ತಪ್ಪಿ ಅಂದೆ. ನಿನ್ನ ಮುಂದೆ ಒಂದೊಂದು ಮಾತಿಗೂ ಲೆಕ್ಕ ಕೊಡಬೇಕೇನು?”

“ಎಷ್ಟು ದಿನದಿಂದ?”

“ಏನು ಎಷ್ಟು ದಿನದಿಂದ? ನನಗೇನಾಗಿದೆ? ಕಲ್ಲುಗುಂಡಿನ ಹಾಗಿದೀನಿ.” ನಾನು ಕೂಗಾಡಿದೆ. ನಿನ್ನ ಕೆಂಪು ಸಿಗಲಿಲ್ಲ ಎಂದು ಹೊಟ್ಟೆಯುರಿ ಎಂದೆ. ಇಪ್ಪತ್ತು ವರ್ಷ ಅನ್ನ ಹಾಕಿ ಬೆಳೆಸಿದ್ದಕ್ಕೆ ಇದಾ ಎಂದೂ ಅಂದುಬಿಟ್ಟೆ. ಅದನ್ನು ಅನ್ನಬಾರದಿತ್ತು. ಅವನು ಎಲ್ಲವನ್ನೂ ಕೇಳಿಸಿಕೊಂಡು, ಚೀಲ ಕೆಳಗಿಟ್ಟು, ಸ್ಟೂಲು ಎಳೆದುಕೊಂಡು ನನ್ನ ಎದುರಿಗೆ ಕೂತ.

“ಸರಿ, ನಾನೇ ತಪ್ಪು ತಿಳ್ಕೊಂಡಿದೀನಿ ಅಂತ ಇಟ್ಕೋ,” ಎಂದ. “ಕೈ ಮೇಜಿನ ಮೇಲಿಡು, ಕಣ್ಣು ಮುಚ್ಚು. ಒಂದು ಬೆರಳು ಮುಟ್ಟುತೀನಿ, ಯಾವುದು ಅಂತ ಹೇಳು. ಸರಿ ಹೇಳಿದ್ರೆ ನಾನು ಮತ್ತೆ ಈ ಸುದ್ದಿ ಎತ್ತಲ್ಲ, ನಾಳೆ ಕೀಬೋರ್ಡ್ ಹೊತ್ಕೊಂಡು ನಾನೇ ಬಂದು ಬಿಡ್ತೀನಿ. ತಪ್ಪು ಹೇಳಿದ್ರೆ ಬೆಳಿಗ್ಗೆ ನಿಮ್ಮ ಮೇಡಂಗೆ ಫೋನ್ ಮಾಡಿ ಇದ್ದಿದ್ದನ್ನ ಇದ್ದ ಹಾಗೆ ಹೇಳ್ತೀನಿ. ಪರೀಕ್ಷೆ ಇಲ್ಲ, ಆಸ್ಪತ್ರೆ.”

“ನೌಕರಿ ಹೋದ್ರೆ?”

“ಮುಟ್ಟಿದ್ದು ಹೇಳು, ಹೋಗಲ್ಲ.”

ನಾನು ಒಪ್ಪಿದೆ. ಒಪ್ಪಿದ್ದು ಧೈರ್ಯದಿಂದಲ್ಲ, ಕಳ್ಳಬುದ್ಧಿಯಿಂದ. ಬೇರೆ ನಾಲ್ಕು ಬೆರಳಲ್ಲಿ ಯಾವುದನ್ನು ಮುಟ್ಟಿದರೂ ಅಷ್ಟೋ ಇಷ್ಟೋ ಗೊತ್ತಾಗುತ್ತದೆ. ಯಾವುದೂ ಗೊತ್ತಾಗದಿದ್ದರೆ ತೋರುಬೆರಳು ಎಂದರಾಯಿತು. ಸೋಲುವ ದಾರಿಯೇ ಇಲ್ಲ. ಎಡಗೈಯನ್ನು ಅಂಗೈ ಮೇಲಾಗಿ ಮೇಜಿನ ಮೇಲೆ ಚಾಚಿ ಕಣ್ಣು ಮುಚ್ಚಿದೆ. ಗೋಡೆಯಾಚೆ ಪಕ್ಕದ ಮನೆಯ ನಲ್ಲಿಯಿಂದ ನೀರು ಬೀಳುತ್ತಿತ್ತು. ಹೆಡ್‌ಫೋನಿನೊಳಗೆ ಖಜಾಂಚಿ ಇನ್ನೂ ಸಣ್ಣಗೆ ಮಾತಾಡುತ್ತಿದ್ದ. ತಮ್ಮನ ಮೈಯಿಂದ ಯಂತ್ರದ ಎಣ್ಣೆಯ ವಾಸನೆ ಬರುತ್ತಿತ್ತು.

ಅವನು ಯೋಚಿಸುತ್ತಿದ್ದಾನೆ ಎಂದುಕೊಂಡೆ. ಚಿಕ್ಕಂದಿನಿಂದಲೂ ಹಾಗೆ, ಪಗಡೆಗೆ ಕೂತರೂ ಒಂದು ಕಾಯಿ ನಡೆಸಲು ಅರ್ಧ ಗಂಟೆ. ಉಸಿರು ಬಿಗಿಹಿಡಿದು ಕಾದೆ. ಹೆಬ್ಬೆರಳೋ, ಕಿರುಬೆರಳೋ, ಇನ್ನೇನು ಮುಟ್ಟುತ್ತಾನೆ. ಕಾದು ಕಾದು ಬೇಸರವೇ ಬಂತು.

“ಮುಟ್ಟೋ ಮಾರಾಯ,” ಎಂದೆ. “ಎಷ್ಟು ಹೊತ್ತು ಸತಾಯಿಸ್ತೀಯ?”

ಅವನ ದನಿ ತೀರ ಸಣ್ಣಗಿತ್ತು.

“ಹಿಡ್ಕೊಂಡೇ ಇದೀನಿ ಅಕ್ಕ. ಆಗಿನಿಂದ.”

ಕಣ್ಣು ಬಿಟ್ಟೆ. ನನ್ನ ತೋರುಬೆರಳು ಅವನ ಮುಷ್ಟಿಯೊಳಗಿತ್ತು. ಅವನು ಬಿಡಲಿಲ್ಲ, ನಾನೂ ಎಳೆದುಕೊಳ್ಳಲಿಲ್ಲ.